ಹಳದಿ ಚುಕ್ಕೆ

ಬುಧವಾರ ಬೆಳಿಗ್ಗೆ ಡೆಲ್ಫೀನ್ ಕಾಫಿ ಲೋಟ ಹಿಡಿದುಕೊಂಡು ಗ್ಯಾರೇಜಿನ ದೀಪ ಹಾಕಿದಳು. ಹಿಂದಿನ ಸಂಜೆ ಅವಳೇ ಕೈಯಾರೆ ಬಿಗಿದಿದ್ದ ಎಂಟು ಬೋಲ್ಟುಗಳಲ್ಲಿ ಒಂದೂ ಎಂಜಿನ್ನಿನ ಮೇಲಿರಲಿಲ್ಲ. ಹೀಗಾಗುತ್ತಿರುವುದು ಇದು ಮೂರನೆಯ ಸಲ. ಮೊದಲ ಸಲ ಅವು ಫ್ರೀಜರಿನಲ್ಲಿ ಪಿಯೆರೋಗಿ ಕಡುಬುಗಳ ಪಕ್ಕ ಸಿಕ್ಕಿದ್ದವು, ಎರಡನೆಯ ಸಲ ಅವಳು ಚರ್ಚಿಗೆ ಹಾಕಿಕೊಂಡು ಹೋಗುವ ಬೂಟಿನೊಳಗೆ. ಈ ಸಲ ಹುಡುಕುವ ಕಷ್ಟವಿರಲಿಲ್ಲ. ಗಂಡ ನಾರ್ಬರ್ಟ್ ಪೈಜಾಮದ ಮೇಲೆ ಸ್ವೆಟರ್ ಏರಿಸಿಕೊಂಡು ಕಾರಿನ ಮುಂದೆಯೇ ನಿಂತಿದ್ದ. ಸ್ವೆಟರಿನ ಎರಡು ಜೇಬೂ ಭಾರಕ್ಕೆ ಜೋತುಬಿದ್ದಿದ್ದವು.

"ಬನ್ನಿ ಮೇಸ್ತ್ರೀ," ಎಂದ ನಾರ್ಬರ್ಟ್. "ರಾತ್ರಿ ಪಾಳಿಯವ್ರು ಒಂದು ಕೆಲ್ಸಾನೂ ನೆಟ್ಟಗೆ ಮಾಡಿಲ್ಲ ನೋಡಿ."

ಮೂವತ್ತೇಳು ವರ್ಷ ಸಂಸಾರ ಮಾಡಿದ ಹೆಂಡತಿ ಅವನಿಗೆ ಈಗ ಮೇಸ್ತ್ರಿ. ಡೆಲ್ಫೀನ್ ಎಂದು ಅವನು ಕೊನೆಯ ಸಲ ಕರೆದದ್ದು ಈಸ್ಟರ್ ಹಬ್ಬದ ಊಟಕ್ಕೆ ಕೂತಾಗ, ಅದೂ ಉಪ್ಪು ಕೇಳುವುದಕ್ಕೆ. ಅದೇ ಕೊನೆಯೆಂದು ಗೊತ್ತಿದ್ದರೆ ಅವಳು ಉಪ್ಪಿನ ಡಬ್ಬಿಯನ್ನು ಅಷ್ಟು ಸಿಡುಕಿನಿಂದ ತಳ್ಳುತ್ತಿರಲಿಲ್ಲ. ಈಗ ಅಕ್ಟೋಬರ್. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಪಕ್ಕದ ಊರು ಟ್ರೆಂಟನ್ನಿನಲ್ಲಿ, ಮರೆವಿನ ರೋಗದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ, ಅವನಿಗೊಂದು ಹಾಸಿಗೆ ಖಾಲಿಯಾಗುತ್ತದೆ. ಅಷ್ಟರೊಳಗೆ ಈ ಕಾರಿನ ಎಂಜಿನ್ ಒಂದು ಸಲ ಗುಡುಗಬೇಕು. ಗುಡುಗಿದರೆ ಅವನು ತಿರುಗಿ ನೋಡಿ ತನ್ನ ಹೆಸರು ಹಿಡಿದು ಕರೆಯುತ್ತಾನೆಂದು ಅವಳು ನಂಬಿಕೊಂಡಿದ್ದಳು. ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ, ಹೇಳಲು ಅವರಿಗೇನು ತಲೆ ಕೆಟ್ಟಿತ್ತೇ? ಆದರೆ ಮುಳುಗುವವಳಿಗೆ ಕೈಗೆ ಸಿಕ್ಕಿದ್ದು ಅದೊಂದೇ.

ಕಾರು ಎಪ್ಪತ್ತನೇ ಇಸವಿಯ ಚಾಲೆಂಜರ್, ಮಾಗಿದ ನೇರಳೆ ಹಣ್ಣಿನ ಬಣ್ಣದ್ದು. ನಾರ್ಬರ್ಟ್ ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿಯೇ ತಯಾರಾಗಿ, ಜೋಡಣೆಯ ಲೈನಿನ ಮೇಲೆ ಅವನ ಕೈಯನ್ನೇ ದಾಟಿ ಹೋಗಿ, ಆಮೇಲೆ ಅವನೇ ಕೊಂಡ ಗಾಡಿ. ಆ ಕಾಲಕ್ಕೆ ಅವರಿದ್ದ ವಯಾಂಡಾಟ್ ಊರಿನ ಪೋಲಿಷ್ ಹುಡುಗಿಯರ ತಾಯಂದಿರು ಅದರ ಸದ್ದು ಕೇಳಿದರೆ ಕಿಟಕಿ ಮುಚ್ಚುತ್ತಿದ್ದರು. ಡೆಲ್ಫೀನಳ ತಾಯಿಯೂ ಮುಚ್ಚಿದ್ದಳು, ಬಾಗಿಲು ಮುಚ್ಚುವುದನ್ನು ಮರೆತಿದ್ದಳು ಅಷ್ಟೆ. ಮಗಳು ಹುಟ್ಟಿದ ಮೇಲೆ ಕಾರು ಗ್ಯಾರೇಜು ಸೇರಿ, ಅದರ ಮೇಲೆ ಕ್ರಿಸ್ಮಸ್ ದೀಪದ ಪೆಟ್ಟಿಗೆಗಳು ಏರಿ, ಇಪ್ಪತ್ತಾರು ವರ್ಷ ಹಾಗೇ ಕೂತಿತ್ತು. ಎರಡು ವರ್ಷದ ಹಿಂದೆ ಡಾಕ್ಟರು ರೋಗದ ಹೆಸರು ಹೇಳಿದ ದಿನ ನಾರ್ಬರ್ಟ್ ಮನೆಗೆ ಬಂದವನೇ ಪೆಟ್ಟಿಗೆಗಳನ್ನು ಇಳಿಸಿದ. "ಮರೆಯೋ ಮುಂಚೆ ಇದನ್ನ ಮೊದ್ಲಿನ ಹಾಗೆ ಮಾಡ್ಬಿಡ್ತೀನಿ ಕಣೆ," ಎಂದ. ಅವನು ಬಿಚ್ಚಿದ, ಅವಳು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಸೀಮೆಎಣ್ಣೆಯಲ್ಲಿ, ತಂತಿ ಬ್ರಶ್ಶಿನಲ್ಲಿ ಒಂದೊಂದು ಬೋಲ್ಟನ್ನೂ ಉಜ್ಜಿ ಬೆಳಗಿದಳು. ಪಾತ್ರೆ ಬೆಳಗುವುದರಲ್ಲಿ ಇಡೀ ಬೀದಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಬೋಲ್ಟು ಯಾವ ಲೆಕ್ಕ.

ಪಕ್ಕದ ಮನೆಯ ಹೋಬರ್ಟ್ ಆ ಹೊತ್ತಿಗೆ ಒಳಗೆ ಬಂದ. ಎಂಜಿನ್ ರಿಪೇರಿಯಲ್ಲೇ ಜೀವ ತೇಯ್ದ ಮುದುಕ. ಕೆಂಟಕಿ ಬಿಟ್ಟು ಬಂದು ಐವತ್ತು ವರ್ಷವಾದರೂ ಕೆಂಟಕಿಯ ಮಾತು ಬಾಯಿಂದ ಇಳಿದಿರಲಿಲ್ಲ.

"ಏನಮ್ಮಾ ಡೆಲ್ಫೀನ್, ನಿನ್ ಗಂಡ ಮತ್ತೆ ಕೊಯ್ಲು ಮುಗಿಸಿದ್ನಾ?"

"ನಗಬೇಡಿ ಹೋಬರ್ಟ್. ಎಂಟಕ್ಕೆ ಎಂಟೂ ಕಿತ್ತಿದ್ದಾನೆ."

"ನಗ್ತಿಲ್ಲಮ್ಮ, ನನ್ ಹಲ್ಲಿನ ಸೆಟ್ಟೇ ಹಂಗಿರೋದು." ಮುದುಕ ಬಗ್ಗಿ ನೋಡಿ ನಾಲಿಗೆ ಲೊಚಗುಟ್ಟಿದ. "ಕೇಳಿಲ್ಲಿ. ಇದ್ರೊಳಗೆ ನಾನು ಹಾಕಿರೋ ಕ್ಯಾಮು, ಅದೇ ವಾಲ್ವು ಎತ್ತಿಳ್ಸೋ ದಂಡ, ಹೊಸದು. ಎಂಜಿನ್ನು ಹೊತ್ಕೊಂಡ ತಕ್ಷಣ ಜೋರಾಗಿ ಇಪ್ಪತ್ತು ನಿಮಿಷ ಓಡ್ಲೇಬೇಕು. ಮಧ್ಯ ಕೆಮ್ಮಿ ನಿಂತ್ರೆ ಕ್ಯಾಮು ಸವೆದು ಕೂತ್ಕೊಳುತ್ತೆ. ಆಮೇಲೆ ಪೂರ್ತಿ ಬಿಚ್ಬೇಕು, ಹಿಮ ಕರಗೋವರ್ಗೂ ಆಗಲ್ಲ. ಈ ಎಂಟ್ರಲ್ಲಿ ಒಂದು ಸಡಿಲ ಇದ್ರೂ ಗಾಳಿ ಕುಡ್ದು ಕೆಮ್ಮುತ್ತೆ. ಇರೋದು ಒಂದೇ ಛಾನ್ಸು."

"ಭಾನುವಾರ ಸ್ಟಾರ್ಟ್ ಮಾಡೋಣ. ಅಷ್ಟ್ರಲ್ಲಿ ಎಲ್ಲಾ ಬಿಗಿದು ಕೊಡ್ತೀನಿ."

"ನೀನೇನೋ ಬಿಗೀತೀಯ," ಎಂದು ಹೋಬರ್ಟ್ ನಾರ್ಬರ್ಟನ ಕಡೆ ನೋಡಿದ. ನಾರ್ಬರ್ಟ್ ಮುಂದಿನ ಚಕ್ರದ ಬಳಿ ಮಂಡಿಯೂರಿ, ಅಲ್ಲಿನ ಬೋಲ್ಟೊಂದರ ತಲೆಯನ್ನು ಹೆಬ್ಬೆರಳಿನಿಂದ ಸವರಿ ಸವರಿ ನೋಡುತ್ತಿದ್ದ. ನೋಡಿ, ತಲೆಯಾಡಿಸಿ, ಸ್ಪ್ಯಾನರಿಗೆ ಕೈ ಚಾಚಿದ.

ಗುರುವಾರ ಅವಳು ಗ್ಯಾರೇಜಿಗೆ ಬೀಗ ಹಾಕಿದಳು. ಇಷ್ಟು ಸುಲಭದ ಉಪಾಯ ಮೊದಲೇ ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು. ಕಾಲು ಗಂಟೆ ಕಳೆಯುವಷ್ಟರಲ್ಲಿ ನಾರ್ಬರ್ಟ್ ಬಾಗಿಲಿಗೆ ಗುದ್ದತೊಡಗಿದ.

"ಲೈನ್ ನಿಂತೋಗಿದೆ! ಹಿಂದೆ ಗಾಡಿ ಸಾಲುಗಟ್ಟಿದಾವೆ! ತೆಗೀರಿ ಬಾಗಿಲು!"

ಎದುರು ಮನೆಯವರು ಹೊರಗೆ ಬಂದು ನಿಂತರು. ಡೆಲ್ಫೀನ್ ಅಡುಗೆಮನೆಯಲ್ಲಿ ಕಿವಿ ಮುಚ್ಚಿಕೊಂಡು, ದೇವಮಾತೆಯ ಜಪ ಒಂದು ಸುತ್ತು ಮುಗಿಸಿದಳು. ಎರಡನೆಯ ಸುತ್ತಿನ ಮಧ್ಯೆ ಗುದ್ದುವ ಸದ್ದಿನಲ್ಲಿ ಒದ್ದೆ ಸೇರಿದ್ದು ಕೇಳಿಸಿತು. ಹೋಗಿ ನೋಡಿದರೆ ಅವನ ಗೆಣ್ಣುಗಳು ಒಡೆದು ಬಾಗಿಲ ತುಂಬಾ ರಕ್ತ. ಬೀಗ ತೆಗೆದು, ಅವನನ್ನು ಒಳಗೆ ಕೂರಿಸಿ, ಬಟ್ಟೆ ಮತ್ತು ಮುಲಾಮು ತರಲು ಮನೆಯೊಳಗೆ ಓಡಿದಳು. ಹಿಂದಿರುಗುವಷ್ಟರಲ್ಲಿ, ಅದೇ ರಕ್ತದ ಕೈಯಲ್ಲಿ, ಐದು ಬೋಲ್ಟು ಬಿಚ್ಚಿದ್ದ.

ಅವಳ ತಾಳ್ಮೆ ಅಲ್ಲಿಗೆ ಹರಿದುಹೋಯಿತು. ಸ್ಪ್ಯಾನರ್ ಹಿಡಿದಿದ್ದ ಅವನ ಕೈಗೆ ಹೊಡೆದಳು, ಸ್ಪ್ಯಾನರ್ ಕಾಂಕ್ರೀಟಿನ ಮೇಲೆ ಖಣಖಣ ಉರುಳಿತು.

"ಯಾಕೋ ಹೀಗೆ ಮಾಡ್ತೀಯ? ನಾನು ಕಟ್ಟಿದ್ದೆಲ್ಲಾ ಯಾಕೋ ಬಿಚ್ತೀಯ? ನಾಲ್ಕು ದಿನ ಉಳಿದಿದೆ ಕಣೋ ನಮ್ಗೆ! ನಾಲ್ಕೇ ದಿನ!"

ನಾರ್ಬರ್ಟ್ ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಅರವತ್ತಮೂರು ವರ್ಷದ ಗಂಡಸು ಬೈಸಿಕೊಂಡ ಹುಡುಗನಂತೆ ಕುಗ್ಗಿದ.

"ನನ್ ಹೆಸರು ಬರ್ಕೊಳ್ಳಿ ಮೇಸ್ತ್ರಿ. ಒಂದಿನದ ಕೂಲಿ ಬೇಕಾದ್ರೆ ಹಿಡೀರಿ. ಆದ್ರೆ ಗುರುತಿಲ್ದೇ ಇರೋದನ್ನ ನಾನು ಬಿಡಲ್ಲ."

ಅವನು ಏನು ಹೇಳಿದನೆಂದು ಅವಳು ಕೇಳಿಸಿಕೊಳ್ಳಲೇ ಇಲ್ಲ. ಆರು ತಿಂಗಳಿಂದ ಅವನ ಮಾತಿಗೆ ತಲೆಬುಡ ಇರಲಿಲ್ಲ, ಇದನ್ನೂ ಆ ರಾಶಿಗೆ ಸೇರಿಸಿದಳು. ಗಾಯಕ್ಕೆ ಬಟ್ಟೆ ಸುತ್ತಿ ಗಂಟು ಹಾಕಿದಳು. ಗಂಡನ ಮೇಲೆ ಕೈ ಎತ್ತಿದವಳು ತಾನು ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಗಿತ್ತು.

ಶುಕ್ರವಾರ ಟೊಲೀಡೋದಿಂದ ಮಗಳು ಮಾರ್ಲಾ ಫೋನ್ ಮಾಡಿದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು, ಹಾಸಿಗೆ ಗೊತ್ತು ಮಾಡಿದವಳೂ ಅವಳೇ.

"ಅಮ್ಮಾ, ಅಪ್ಪನ ಬಟ್ಟೆಗೆಲ್ಲಾ ಹೆಸರು ಹೊಲ್ದಾಯ್ತಾ?"

"ಹೊಲೀತೀನಿ. ಕಾರಿನ ಕೆಲ್ಸ ಒಂಚೂರು ಬಾಕಿ ಇದೆ."

"ಅಯ್ಯೋ, ಆ ಕಾರನ್ನ ಬಿಟ್ಟಾಕಮ್ಮ! ಅಪ್ಪಂಗೆ ಅದು ಕಾರು ಅಂತಾನೂ ಗೊತ್ತಾಗಲ್ಲ."

"ಕಾರು ಅಂತ ಚೆನ್ನಾಗಿ ಗೊತ್ತಾಗುತ್ತೆ," ಎಂದಳು ಡೆಲ್ಫೀನ್. "ನಾನು ಅಂತ ಗೊತ್ತಾಗಲ್ಲ."

ಮಾರ್ಲಾ, "ನಾನು ಸೋಮವಾರ ಬೆಳಿಗ್ಗೆ ಬರ್ಲಾ?" ಎಂದು ಸಣ್ಣ ದನಿಯಲ್ಲಿ ಕೇಳಿದಳು. ಬೇಡ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಡೆಲ್ಫೀನ್ ಫೋನಿಟ್ಟಳು. ಯಾವ ಕಾರಿನಲ್ಲಿ ಎಂದು ಹೇಳಲಿಲ್ಲ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಅವಳು ಸೋತಿದ್ದಳು. ಆ ಎಂಟು ಬೋಲ್ಟುಗಳನ್ನು ಬೆಳಿಗ್ಗೆ ಮತ್ತೆ ಬಿಗಿದಿದ್ದಳು, ಅಭ್ಯಾಸಬಲದಿಂದ, ಆಸೆಯಿಂದಲ್ಲ. ಕಿಲ್ಬಾಸಾ ಸಾಸೇಜನ್ನು ಬ್ರೆಡ್ಡಿನೊಳಗಿಟ್ಟು, ಸಾಸಿವೆ ಸಾಸಿನ ಬಾಟಲಿಯೊಂದಿಗೆ ಗ್ಯಾರೇಜಿಗೇ ತಂದು ಅವನ ಕೈಗೆ ಕೊಟ್ಟಳು. ಬಾಟಲಿಯ ಮೂತಿ ಕಟ್ಟಿತ್ತು. ಅವಳಿಗೆ ಎಲ್ಲದರ ಮೇಲಿದ್ದ ಸಿಟ್ಟೂ ಆ ಬಾಟಲಿಯ ಮೇಲೆ ಬಂದು, ಎರಡೂ ಕೈಯಲ್ಲಿ ಹಿಂಡಿದಳು. ಅದು ಪುಸ್ ಎಂದು ಬ್ರೆಡ್ಡಿನ ಮೇಲೊಂದಿಷ್ಟು, ಅವಳ ಏಪ್ರನ್ನಿನ ಮೇಲೊಂದಿಷ್ಟು, ಎಂಜಿನ್ನಿನ ಮೇಲೊಂದಿಷ್ಟು ಕಾರಿಕೊಂಡಿತು. ಬಟ್ಟೆ ತರಲು ಒಳಗೆ ಹೋದಳು. ಸಿಂಕಿನ ಮುಂದೆ ನಿಂತವಳು ಯಾಕೆ ಬಂದೆನೆಂಬುದನ್ನೇ ಮರೆತು, ಇನ್ನು ನನಗೂ ಶುರುವಾಯಿತು ಎಂದು ಒಣನಗೆ ನಕ್ಕು, ಹತ್ತು ನಿಮಿಷದ ಮೇಲೆ ಹಿಂದಿರುಗಿದಳು.

ಏಳು ಬೋಲ್ಟು ಬಿಚ್ಚಿಹೋಗಿದ್ದವು. ಎಂಟನೆಯದು ಇದ್ದಲ್ಲೇ ಇತ್ತು. ಅದರ ನೆತ್ತಿಯ ಮೇಲೆ ಸಾಸಿವೆ ಸಾಸಿನ ಒಂದು ತೊಟ್ಟು ಹಳದಿಯಾಗಿ ಕೂತಿತ್ತು.

ನಾರ್ಬರ್ಟ್ ಬ್ರೆಡ್ ಅಗಿಯುತ್ತಾ ಚಕ್ರದ ಬಳಿ ನಿಂತಿದ್ದ. ಅವಳು ಬಾಟಲಿ ಎತ್ತಿಕೊಂಡು, ಚಕ್ರದ ಬಳಿಯ ಬೋಲ್ಟಿನ ಮೇಲೆ ಒಂದೇ ಒಂದು ತೊಟ್ಟು ಇಟ್ಟಳು. ಅವನು ಬಗ್ಗಿದ, ನೋಡಿದ, ಸ್ಪ್ಯಾನರನ್ನು ಕೆಳಗಿಳಿಸಿದ.

"ಆಯ್ತು," ಎಂದ. "ಮುಂದೆ ಬಿಡಿ."

ಅವಳು ಅಲ್ಲೇ ಎಣ್ಣೆಕಲೆಯ ನೆಲದ ಮೇಲೆ ಕೂತಳು. ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಅವನು ಮಾಡಿದ್ದು ಈ ಒಂದೇ ಕೆಲಸ. ಬೇರೆಯವರು ಬಿಗಿದ ಬೋಲ್ಟುಗಳನ್ನು, ಬಿಗಿ ಸರಿಯಿದ್ದರೆ ಕ್ಲಿಕ್ ಎನ್ನುವ ಅಳತೆಯ ಸ್ಪ್ಯಾನರಿನಿಂದ ಪರೀಕ್ಷಿಸಿ, ಸರಿಯಿದ್ದರೆ ಹಳದಿ ಬಣ್ಣದ ಒಂದು ಚುಕ್ಕೆ ಇಟ್ಟು ಗಾಡಿಯನ್ನು ಮುಂದೆ ಬಿಡುವುದು. ಚುಕ್ಕೆ ಇಲ್ಲದ್ದು ಕಂಡರೆ, ಯಾರೇ ಬಿಗಿದಿರಲಿ, ಪೂರ್ತಿ ಬಿಚ್ಚಿ ಮೊದಲಿನಿಂದ ಬಿಗಿಯುವುದು. ಈಗ ಅವನಿಗೆ ಬಿಚ್ಚುವುದಷ್ಟೇ ನೆನಪಿತ್ತು, ಮತ್ತೆ ಬಿಗಿಯುವುದು ಮರೆತಿತ್ತು. ಪ್ರತಿ ಶನಿವಾರ ಅವನ ಬೆರಳಿನ ಹಳದಿಯನ್ನು ಟರ್ಪೆಂಟೈನ್ ಹಾಕಿ ತಿಕ್ಕಿದವಳು ಇವಳೇ ಅಲ್ಲವೇ? ಮನೆಯಲ್ಲೂ ಅದೇ ಮಾತು. ಮಗು ಹಾಲು ಕುಡಿದು ಮಲಗಿದರೆ, ಜಗಳ ಆಡಿ ರಾಜಿಯಾದರೆ, ಅವಳ ಅಮ್ಮನನ್ನು ಮಣ್ಣು ಮಾಡಿ ಬಂದ ಸಂಜೆ ಕೂಡ, ಅವನು ಹೇಳುತ್ತಿದ್ದದ್ದು ಅದನ್ನೇ: ಆಯ್ತು, ಮುಂದೆ ಬಿಡು.

ಆಗ ಇನ್ನೊಂದು ವಿಷಯ ನೆನಪಾಯಿತು. ಎರಡು ವರ್ಷದ ಹಿಂದೆ ಬಿಚ್ಚಿದಾಗ ಈ ಕಾರಿನ ಬೋಲ್ಟುಗಳ ತಲೆಯ ಮೇಲೆಲ್ಲ ಒಣಗಿದ ಹಳದಿ ಚುಕ್ಕೆಗಳಿದ್ದವು. ಅವನೇ, ಇಪ್ಪತ್ತನಾಲ್ಕರ ಹರೆಯದಲ್ಲಿ, ಲೈನಿನ ಮೇಲೆ ಇಟ್ಟವು. ಗಲೀಜು ಎಂದುಕೊಂಡು ಅಷ್ಟನ್ನೂ ಉಜ್ಜಿ ತೆಗೆದವಳು ಇವಳು. "ಅದು ಇರ್ಲಿ ಬಿಡೆ ಡೆಲ್ಫೀನ್," ಎಂದಿದ್ದ ಅವನು ಒಂದು ಸಲ. "ಹೆಂಗೆ ಹೊಳೀತಿದೆ ನೋಡು, ಹೊಸದರ ಥರ," ಎಂದು ಇವಳು ಹೆಮ್ಮೆಯಿಂದ ಕೈಯಲ್ಲಿಟ್ಟು ತೋರಿಸಿದ್ದಳು. ಅವನು ಮುಂದಿನ ಬೋಲ್ಟಿಗೆ ಕೈ ಹಾಕಿದ್ದ. ಅವನಿಗೆ ಗುರುತು ಸಿಗುತ್ತಿದ್ದ ಒಂದೇ ಒಂದು ಅಕ್ಷರವನ್ನು ಇವಳು ಕೈಯಾರೆ ಅಳಿಸಿ, ಆಮೇಲೆ ಅವನು ಓದಲಿಲ್ಲವೆಂದು ಹೊಡೆದಿದ್ದಳು. ಅವಳು ಬಾಯಿ ಬಿಟ್ಟು ಅತ್ತಳು. ನಾರ್ಬರ್ಟ್ ಬ್ರೆಡ್ಡಿನ ಅರ್ಧ ಮುರಿದು ಅವಳಿಗೆ ಕೊಟ್ಟ.

"ತಿನ್ನಿ ಮೇಸ್ತ್ರಿ. ಊಟದ ಗಂಟೆ ಹೊಡೆದು ಎಷ್ಟೊತ್ತಾಯ್ತು."

ಬಿಡಲ್ ರಸ್ತೆಯ ಹಾರ್ಡ್‌ವೇರ್ ಅಂಗಡಿಯಿಂದ ಅಂಗೈಯಗಲದ ಡಬ್ಬಿಯಲ್ಲಿ ಹಳದಿ ಬಣ್ಣ ಬಂತು. ಅಂದು ಕತ್ತಲಾಗುವವರೆಗೆ ಅವಳು ಬಿಗಿದಳು, ಅವನು ಪರೀಕ್ಷಿಸಿದ. ಸ್ಪ್ಯಾನರ್ ಕ್ಲಿಕ್ ಎಂದೊಡನೆ ಅವನ ಕುಂಚ ಚುಕ್ಕೆ ಇಡುತ್ತಿತ್ತು. ಚಮಚ ಹಿಡಿದರೆ ಸೂಪು ಚೆಲ್ಲುವ ಕೈ ಒಂದು ಕೂದಲಿನಷ್ಟೂ ಅಲುಗಲಿಲ್ಲ. ಮಧ್ಯೆ ಒಮ್ಮೆ ಬೋಲ್ಟು ಹಿಡಿದಿದ್ದ ಅವಳ ಹೆಬ್ಬೆರಳಿಗೂ ಕುಂಚ ತಗುಲಿತು. ಅವಳು ಒರೆಸಿಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ಬಂದ ಹೋಬರ್ಟ್ ಎಂಟಕ್ಕೆ ಎಂಟೂ ಬೋಲ್ಟು ಜಾಗದಲ್ಲಿರುವುದನ್ನು ನೋಡಿ, "ಏನಮ್ಮ, ಗಂಡನ್ನ ಕಟ್ಟಾಕಿದ್ಯಾ?" ಎಂದ. ಗ್ಯಾರೇಜಿನ ಬಾಗಿಲನ್ನು ಪೂರ್ತಿ ಎತ್ತಿದರು. ನಾರ್ಬರ್ಟನನ್ನು ಕಾರಿನ ಪಕ್ಕ ಕುರ್ಚಿಯಲ್ಲಿ ಕೂರಿಸಿದರು. ಮೊಟ್ಟೆ ಬೇಯಿಸುವಾಗ ಇಡುವ ಗಂಟೆಯನ್ನು ಇಪ್ಪತ್ತು ನಿಮಿಷಕ್ಕೆ ತಿರುಗಿಸಿ ಅವಳು ಕೀಲಿಗೆ ಕೈ ಹಾಕಿದಳು.

ಎಂಜಿನ್ ಒಮ್ಮೆ ನರಳಿತು, ಎರಡನೆಯ ಸಲ ಬೆಂಕಿ ಉಗುಳಿತು. ಮೂರನೆಯದಕ್ಕೆ ಹೊತ್ತಿಕೊಂಡಾಗ ಗೋಡೆಗೆ ನೇತುಹಾಕಿದ್ದ ಸಾಮಾನೆಲ್ಲ ಕುಣಿಯತೊಡಗಿತು. ಹೋಬರ್ಟ್ ಕಾರ್ಬುರೇಟರಿನ ಮೇಲೆ ಕೈಯಿಟ್ಟು, ಅದೇ ವೇಗದಲ್ಲಿ ಹಿಡಿದು ನಿಲ್ಲಿಸಿ, ಅವಳಿಗೆ ಹೋಗು ಎಂದು ತಲೆಯಲ್ಲೇ ಸನ್ನೆ ಮಾಡಿದ. ಡೆಲ್ಫೀನ್ ಇಳಿದು ಬಂದು ಗಂಡನ ಎದುರು ಮಂಡಿಯೂರಿದಳು. ಅವನು ಕಣ್ಣು ಮುಚ್ಚಿ, ಬಾನೆಟ್ಟಿನ ಅಂಚಿಗೆ ಅಂಗೈಯೊತ್ತಿ, ತುಟಿ ಅಲುಗಿಸುತ್ತಿದ್ದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಬಂದ, ತನ್ನ ಗಂಡ ಬಂದೇ ಬಿಟ್ಟ ಎಂದುಕೊಂಡಳು. ಆ ಇಪ್ಪತ್ತು ನಿಮಿಷ ಅವಳಷ್ಟು ಆಸೆಪಟ್ಟ ಹೆಂಗಸು ಆ ಊರಿನಲ್ಲಿ ಇನ್ನೊಬ್ಬಳಿರಲಿಲ್ಲ.

ಗಂಟೆ ಹೊಡೆಯಿತು. ಹೋಬರ್ಟ್ ಕೈ ಸಡಿಲಿಸಿದ, ಎಂಜಿನ್ ಮೆಲ್ಲಗೆ ಗುಡುಗುಡು ಎನ್ನುತ್ತಾ ನಿಂತಲ್ಲೇ ಉಸಿರಾಡಿತು. ನಾರ್ಬರ್ಟ್ ಕಣ್ಣು ತೆರೆದು ನೇರ ಅವಳ ಮುಖ ನೋಡಿದ.

"ಎಂಥಾ ಗಾಡಿ," ಎಂದ. "ಯಾರ್ದಿದು?"

"ನಮ್ದು," ಎಂದಳು. "ನಮ್ದೇ."

"ನಿಮ್ ಯಜಮಾನ್ರು ಪುಣ್ಯವಂತ್ರು ಮೇಸ್ತ್ರಿ."

ಹೋಬರ್ಟ್ ಆ ಕಡೆ ತಿರುಗಿ, ಶುಭ್ರವಾಗಿದ್ದ ಕೈಗಳನ್ನೇ ಬಟ್ಟೆಯಲ್ಲಿ ಒರೆಸುತ್ತಾ ನಿಂತ. ಡೆಲ್ಫೀನ್ ಅಡುಗೆಮನೆಗೆ ಹೋಗಿ ನಲ್ಲಿಯನ್ನು ಜೋರಾಗಿ ಬಿಟ್ಟು, ಆ ಸದ್ದಿನಲ್ಲಿ ಅತ್ತಳು. ಆಮೇಲೆ ಕೂತು ಅವನ ಅಂಗಿ, ಕಾಲುಚೀಲಗಳಿಗೆ ಹೆಸರಿನ ಪಟ್ಟಿ ಹೊಲಿದಳು. ಅವನ ಹೆಸರನ್ನು ಅಷ್ಟೊಂದು ಸಲ ಹೊಲಿದ ಮೇಲೆ ಅವಳಿಗೆ ಕೋಪ ಬಂತು. ತನ್ನ ಹೆಸರನ್ನು ಅವನ ನೆನಪಿಗೆ ಹೊಲಿಯಲು ಜಾಗವೆಲ್ಲಿತ್ತು?

ಸೋಮವಾರ ಅವನನ್ನು ಚಾಲೆಂಜರಿನಲ್ಲೇ ಕೂರಿಸಿಕೊಂಡು ಹೊರಟಳು. ನದಿಯ ಪಕ್ಕದ ಜೆಫರ್ಸನ್ ರಸ್ತೆಯುದ್ದಕ್ಕೂ ಮಾತಾಡಿದಳು. ಇಲ್ಲೇ ಬೇಕರಿ ಇತ್ತು, ನೀನು ಹಾರ್ನ್ ಹೊಡೆದೆ, ನಾನು ಹಸಿರು ಕೋಟು ಹಾಕಿದ್ದೆ, ನೀನು ಅಂದೆ... ಅವನು ಎಣ್ಣೆಯ ಒತ್ತಡ ತೋರಿಸುವ ಮುಳ್ಳನ್ನೇ ಗಮನಿಸುತ್ತಿದ್ದ. ಟ್ರೆಂಟನ್ನಿಗೆ ತಲುಪುವ ಹೊತ್ತಿಗೆ ಅವಳ ಮಾತೆಲ್ಲ ಮುಗಿದು, ಬರೀ "ನಾನ್ಯಾರು ಹೇಳು, ನಾನ್ಯಾರು ಹೇಳು" ಎನ್ನುವುದು ಉಳಿದಿತ್ತು. ಬೇಡುವವಳ ದನಿ ತನ್ನದೇ ಎಂದು ಅವಳಿಗೆ ನಾಚಿಕೆಯೂ ಆಗಲಿಲ್ಲ.

ಬಾಗಿಲಿಗೆ ಬಂದ ನರ್ಸಮ್ಮ ಒಳ್ಳೆಯವಳು, "ಬನ್ನಿ ಮಿಸ್ಟರ್ ವಾಸಿಕ್, ಕಾಫಿ ಬಿಸಿಬಿಸಿ ಇದೆ," ಎಂದಳು. ಕಾರಿನಿಂದ ಇಳಿದ ನಾರ್ಬರ್ಟ್ ಡೆಲ್ಫೀನಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಮೆಟ್ಟಿಲ ಬಳಿ ಬಂದು ನಿಂತೇಬಿಟ್ಟ, ಒಂದು ಹೆಜ್ಜೆ ಮುಂದಿಡಲಿಲ್ಲ.

"ನನ್ ಪಾಳಿ ಮುಗ್ದಿಲ್ಲ," ಎಂದ. "ಇನ್ನೂ ಕೆಲ್ಸ ಬಾಕಿ ಇದೆ. ಬಿಟ್ಟೋದ್ರೆ ಯಾರು ನೋಡ್ತಾರೆ?"

"ನಾನು ನೋಡ್ಕೋತೀನಿ," ಎಂದಳು. ನೋಡಿಕೊಳ್ಳುವುದೇನು, ಮನೆಗೆ ಹಿಂದೆ ಎಳೆದುಕೊಂಡು ಓಡಬೇಕೆನಿಸಿತ್ತು. ಅವನ ಹಿಡಿತ ಇನ್ನೂ ಬಿಗಿಯಾಯಿತು. ಅವನ ಕಣ್ಣು ಕೆಳಗಿಳಿದು ಅವಳ ಹೆಬ್ಬೆರಳಿನ ಮೇಲೆ ನಿಂತಿತು.

ಅವಳ ಕೈಯನ್ನು ಬೆಳಕಿಗೆ ತಿರುಗಿಸಿ ನೋಡಿದ. ಒಣಗಿದ ಹಳದಿಯ ಮೇಲೆ ತನ್ನ ಬೆರಳಿಟ್ಟು ಒತ್ತಿದ. ಅವಳ ಮಣಿಕಟ್ಟು ಹಿಡಿದು, ಬೋಲ್ಟು ಅಲುಗುತ್ತದೆಯೇ ಎಂದು ನೋಡುವಂತೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ ತಿರುಗಿಸಿದ. ಅವನ ಮುಖದ ಗಂಟು ಸಡಿಲಾಯಿತು.

"ಇದು ಆಗಿದೆ," ಎಂದ. "ಮುಂದೆ ಬಿಡಿ."

ಆಮೇಲೆ ಅವಳ ಕೈ ಬಿಟ್ಟ. ನರ್ಸಮ್ಮನ ಹಿಂದೆ ಮೆಟ್ಟಿಲು ಹತ್ತಿ ಒಳಗೆ ಹೋದ. ತನ್ನ ಕೈ ದಾಟಿ ಹೋದ ಯಾವ ಗಾಡಿಯನ್ನೂ ಅವನು ತಿರುಗಿ ನೋಡಿದವನಲ್ಲ, ಈಗಲೂ ನೋಡಲಿಲ್ಲ.

ಡೆಲ್ಫೀನ್ ಕಾರಿನೊಳಗೆ ಕೂತು ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟಳು. ಹೊರಡಲಾಗಲಿಲ್ಲ. ಹಿಂದೆ ಬ್ರೆಡ್ಡಿನ ವ್ಯಾನೊಂದು ಬಂದು ನಿಂತು ಹಾರ್ನ್ ಹೊಡೆಯಿತು, ಸ್ವಲ್ಪ ತಡೆದು ಇನ್ನೊಮ್ಮೆ ಹೊಡೆಯಿತು. ಅವಳು ಗೇರು ಹಾಕಿ ಗಾಡಿಯನ್ನು ಮುಂದೆ ಬಿಟ್ಟಳು.